ಸಂವಿಧಾನ ಪತ್ರಿಕೆಯ ಪ್ರಬಂಧಕ್ಕೆ ಅಂಕ ಕೊಡುವುದು ನಿಲುವು ನೋಡಿಯೋ, ವಾದ ನೋಡಿಯೋ?

ಬೇರ್‌ಆಕ್ಟ್_ಬ್ಯಾಗಲ್ಲಿ

ಎಲ್ಲರಿಗೂ ನಮಸ್ಕಾರ. ಎಲ್‌ಎಲ್‌ಬಿ ಓದುತ್ತಿದ್ದೇನೆ. ಸಂವಿಧಾನ ಪತ್ರಿಕೆಯ ಇಂಟರ್ನಲ್ಸ್‌ಗೆ ಒಂದು ಪ್ರಬಂಧ ಇತ್ತು, 20 ಅಂಕದ್ದು. ವಿಷಯ: "ಸಂಸತ್ತಿನ ತಿದ್ದುಪಡಿ ಅಧಿಕಾರಕ್ಕೆ ಮೂಲ ರಚನೆ ಸಿದ್ಧಾಂತ ಹಾಕಿರುವ ಮಿತಿ ಸರಿಯೇ? ವಿಮರ್ಶಿಸಿ." ನಾನು ಸರಿಯಲ್ಲ ಅಂತ ಬರೆದೆ. 11 ಬಂತು. ಗೆಳತಿ ಸರಿ ಅಂತ ಬರೆದಳು, ಅವಳಿಗೆ 16. ಇಬ್ಬರೂ ಓದಿದ್ದು ಒಂದೇ ನೋಟ್ಸ್, ಹಾಕಿದ್ದೂ ಹೆಚ್ಚು ಕಮ್ಮಿ ಅವೇ ಕೇಸುಗಳು.

ನನ್ನ ಪೇಪರಿನ ಮೇಲೆ ಇರುವುದು ಎರಡೇ ಪದ, "ವಿಶ್ಲೇಷಣೆ ಸಾಲದು". ಎಲ್ಲಿ ಸಾಲದು, ಯಾವುದು ಸಾಲದು, ಒಂದೂ ಇಲ್ಲ. ನಮ್ಮ ಮೇಡಂ ಕ್ಲಾಸಿನಲ್ಲಿ ಮೂಲ ರಚನೆಯನ್ನು ಬಹಳ ಮೆಚ್ಚಿಕೊಂಡು ಪಾಠ ಮಾಡಿದ್ದರು, ಅದಕ್ಕೇ ಈ ಅನುಮಾನ. ಗಣಿತದಲ್ಲಾದರೆ ಉತ್ತರ ತಪ್ಪು ಅಂತ ತೋರಿಸಬಹುದು. ಇಲ್ಲಿ ನ್ಯಾಯಮೂರ್ತಿಗಳೇ ಒಬ್ಬರನ್ನೊಬ್ಬರು ಒಪ್ಪದ ವಿಷಯದಲ್ಲಿ ವಿದ್ಯಾರ್ಥಿಗೆ 11, 16 ಅಂತ ಯಾವ ಆಧಾರದ ಮೇಲೆ ಹಾಕುತ್ತಾರೆ? ತಿದ್ದಿ ಅನುಭವ ಇರುವವರು ಯಾರಾದರೂ ಇದ್ದರೆ ನೇರವಾಗಿ ಹೇಳಿ, ಬೇಜಾರು ಮಾಡಿಕೊಳ್ಳುವುದಿಲ್ಲ.

ಸುಮ್ನೆ ಬಾಯಿಮಾತಲ್ಲಿ ಬೇಡ ಅಂತ ಪ್ರಬಂಧದ ಮುಖ್ಯ ಪ್ಯಾರಾ ಹಾಕುತ್ತಿದ್ದೇನೆ:

"1973ರ ಕೇಶವಾನಂದ ಭಾರತಿ ಪ್ರಕರಣದಲ್ಲಿ 13 ನ್ಯಾಯಮೂರ್ತಿಗಳ ಪೀಠ ಐತಿಹಾಸಿಕ ತೀರ್ಪು ನೀಡಿತು. ಸಂಸತ್ತು ಸಂವಿಧಾನದ ಯಾವ ಭಾಗವನ್ನಾದರೂ ತಿದ್ದಬಹುದು, ಆದರೆ ಮೂಲ ರಚನೆಯನ್ನು ಕೆಡಿಸುವಂತಿಲ್ಲ ಎಂದು ಹೇಳಿತು. ಆದರೆ ಸಂವಿಧಾನದಲ್ಲಿ ಮೂಲ ರಚನೆ ಎಂಬ ಮಾತು ಎಲ್ಲೂ ಇಲ್ಲ. ಜನ ಆರಿಸಿದ ಸಂಸತ್ತಿನ ಅಧಿಕಾರವನ್ನು ಜನ ಆರಿಸದ ನ್ಯಾಯಮೂರ್ತಿಗಳು ಕಿತ್ತುಕೊಂಡರು. ಆದ್ದರಿಂದ ಈ ಸಿದ್ಧಾಂತ ಪ್ರಜಾಪ್ರಭುತ್ವಕ್ಕೆ ವಿರುದ್ಧ."

ಕೆಂಪುಶಾಯಿ

ಇದೇ ಪತ್ರಿಕೆ ಪಾಠ ಮಾಡುತ್ತೇನೆ, ಇದೇ ಥರದ ಪ್ರಬಂಧ ತಿದ್ದುತ್ತೇನೆ. ನಿಮ್ಮ ಮೇಡಂ ಮನಸ್ಸಿನಲ್ಲಿ ಏನಿತ್ತೋ ನನಗೆ ಗೊತ್ತಿಲ್ಲ. ಆದರೆ ಪ್ರಬಂಧ ಪೂರ್ತಿ ಈ ಪ್ಯಾರಾದ ಹಾಗೇ ಇದ್ದರೆ ನಾನೂ 11ರ ಆಸುಪಾಸೇ ಕೊಡುತ್ತಿದ್ದೆ. ನಿಲುವಿನ ಕಾರಣಕ್ಕಲ್ಲ. ನಿಮ್ಮದು ಬಹಳ ಗಟ್ಟಿ ನಿಲುವು. ಆ 13 ನ್ಯಾಯಮೂರ್ತಿಗಳಲ್ಲಿ 6 ಜನ ಹೆಚ್ಚು ಕಮ್ಮಿ ನಿಮ್ಮ ಕಡೆಯೇ ಇದ್ದರು. ಅವರಲ್ಲಿ ಒಬ್ಬರ ಹೆಸರೂ ನಿಮ್ಮ ಪ್ಯಾರಾದಲ್ಲಿ ಇಲ್ಲ, ನೋಡಿ!

ಸಾಲು ಸಾಲಾಗಿ ಹೇಳುತ್ತೇನೆ. "ಐತಿಹಾಸಿಕ ತೀರ್ಪು" ಎಲ್ಲರ ಪೇಪರಿನಲ್ಲೂ ಇರುತ್ತದೆ, ಕಣ್ಣು ಅದರ ಮೇಲೆ ನಿಲ್ಲುವುದೇ ಇಲ್ಲ. ಅದೇ ಜಾಗದಲ್ಲಿ 7-6 ಅಂತ ಬರೆದಿದ್ದರೆ ನಿಲ್ಲುತ್ತಿತ್ತು. ನಿಮ್ಮ ವಾದಕ್ಕೆ ಅದು ಬೇಕು ಕೂಡ: ಸಂಸತ್ತಿಗೆ ಶಾಶ್ವತವಾಗಿ ಹಾಕಿದ ಬೇಲಿ ಒಬ್ಬ ನ್ಯಾಯಮೂರ್ತಿಯ ಅಂತರದಲ್ಲಿ ನಿಂತಿದೆ. ಎರಡನೇ ಸಾಲು ಸರಿ ಇದೆ, ಅದಕ್ಕೆ ಅಂಕವೂ ಇದೆ, ಆದರೆ ಎಲ್ಲರಿಗೂ ಸಿಗುವ ಅಂಕ ಅದು.

ನಿಜವಾದ ಪ್ರಬಂಧ ಶುರುವಾಗುವುದು ಮೂರನೇ ಸಾಲಿನಲ್ಲಿ, ಮತ್ತು ಅಲ್ಲೇ ನಿಂತುಬಿಡುತ್ತದೆ. ಸಂವಿಧಾನದಲ್ಲಿ ಆ ಮಾತಿಲ್ಲ, ಒಪ್ಪಿದೆ. ಇದಕ್ಕೆ ಆ ತೀರ್ಪಿನ ಬಹುಮತದಲ್ಲಿದ್ದ ನ್ಯಾಯಮೂರ್ತಿ ಖನ್ನಾ ಅವರ ಉತ್ತರ ಇದೆಯಲ್ಲ, ತಿದ್ದುವುದು ಅಂದರೆ ಇರುವುದನ್ನು ಉಳಿಸಿಕೊಂಡು ಬದಲಾಯಿಸುವುದು, 368ನೇ ವಿಧಿ ಕೊಟ್ಟಿರುವುದು ಆ ಅಧಿಕಾರ, ಇಡೀ ಸಂವಿಧಾನವನ್ನು ಅಳಿಸಿ ಬೇರೆ ಬರೆಯುವುದು ಅದರಲ್ಲಿ ಸೇರುವುದಿಲ್ಲ ಅಂತ. ಇದು ಯಾಕೆ ಸಾಲದು ಅಂತ ನೀವು ಹೇಳಬೇಕಿತ್ತು. ದಾರಿಗಳು ಬೇಕಾದಷ್ಟಿವೆ. ಜರ್ಮನಿಯ 1949ರ ಸಂವಿಧಾನ ಯಾವುದನ್ನು ತಿದ್ದಬಾರದು ಅಂತ 79(3)ನೇ ವಿಧಿಯಲ್ಲಿ ಬಾಯಿಬಿಟ್ಟು ಹೇಳಿದೆ. ನಮ್ಮವರು ಅದಾದ ಮೇಲೆ ಸಂವಿಧಾನ ಮುಗಿಸಿದರೂ ಅಂಥ ಸಾಲು ಹಾಕಲಿಲ್ಲ. ಇದು ನಿಮ್ಮ ಪರವಾದ ಅಂಶ ಅಲ್ವಾ?

ನಾಲ್ಕನೇ ಸಾಲು, "ಕಿತ್ತುಕೊಂಡರು". ಬಿಸಿ ಇದೆ, ಬೆಳಕಿಲ್ಲ. 1975ರಲ್ಲಿ ಪ್ರಧಾನಿಯ ಚುನಾವಣೆಯನ್ನು ಹೈಕೋರ್ಟು ಅಸಿಂಧು ಅಂದಿತು. ಸಂಸತ್ತು 39ನೇ ತಿದ್ದುಪಡಿ ತಂದು ಆ ಚುನಾವಣೆಯನ್ನೇ ಕೋರ್ಟಿನ ಕೈಗೆ ಸಿಗದಂತೆ ಮಾಡಿತು. ಅದೇ ವರ್ಷ ಸುಪ್ರೀಂ ಕೋರ್ಟು ಇಂದಿರಾ ನೆಹರೂ ಗಾಂಧಿ ವಿರುದ್ಧ ರಾಜ್ ನಾರಾಯಣ್ ಪ್ರಕರಣದಲ್ಲಿ ಆ ತಿದ್ದುಪಡಿಯ 4ನೇ ಖಂಡವನ್ನು ಹೊಡೆದುಹಾಕಿತು. ಪ್ರಜಾಪ್ರಭುತ್ವಕ್ಕೆ ವಿರುದ್ಧ ಅನ್ನುವವರು ಮೊದಲು ಎದುರಿಸಬೇಕಾದ ಕೇಸು ಇದು, ಯಾಕೆಂದರೆ ಇಲ್ಲಿ ಮೂಲ ರಚನೆ ಕಾಪಾಡಿದ್ದು ಚುನಾವಣೆಯನ್ನೇ. ಇದನ್ನು ಮುಟ್ಟದೆ ಐದನೇ ಸಾಲಿಗೆ ಹಾರಿದರೆ ತಿದ್ದುವವರು ಅಂಚಿನಲ್ಲಿ ಬರೆಯುವುದು ನಿಮಗೆ ಸಿಕ್ಕ ಆ ಎರಡು ಪದಗಳನ್ನೇ.

ಇನ್ನೊಂದು. ನಿಮಗೆ ಅತಿ ಹೆಚ್ಚು ಬಲ ಕೊಡುವ ಕೇಸನ್ನು ನೀವೇ ಕೈಬಿಟ್ಟಿದ್ದೀರಿ. 2015ರ ನ್ಯಾಯಾಂಗ ನೇಮಕಾತಿ ಆಯೋಗದ ತೀರ್ಪು. ಸಂಸತ್ತು ಪಾಸು ಮಾಡಿದ, ಅರ್ಧಕ್ಕಿಂತ ಹೆಚ್ಚು ರಾಜ್ಯಗಳ ಶಾಸನಸಭೆಗಳು ಒಪ್ಪಿದ 99ನೇ ತಿದ್ದುಪಡಿಯನ್ನು ಕೋರ್ಟು 4-1ರಲ್ಲಿ ರದ್ದು ಮಾಡಿತು. ನ್ಯಾಯಮೂರ್ತಿಗಳನ್ನು ಯಾರು ನೇಮಿಸಬೇಕು ಅನ್ನುವ ವಿಷಯದಲ್ಲಿ! ಇದು ಬಂದಿದ್ದರೆ ನಿಮ್ಮ ನಾಲ್ಕನೇ ಸಾಲಿಗೆ ಬೈಗುಳದ ಅಗತ್ಯವೇ ಇರುತ್ತಿರಲಿಲ್ಲ.

ನನ್ನ ಲೆಕ್ಕ ಸರಳ. ಕಾನೂನು ಸರಿಯಾಗಿ ಹೇಳಿ, ಕೇಳಿದ ಪ್ರಶ್ನೆಗೇ ಉತ್ತರ ಬರೆದಿದ್ದರೆ 20ರಲ್ಲಿ 10-11ರ ತನಕ ಬರುತ್ತದೆ. ಅದರ ಮೇಲಿನದೆಲ್ಲ ಎದುರುವಾದವನ್ನು ಅದರ ಪೂರ್ತಿ ಬಲದಲ್ಲಿ ಎತ್ತಿಕೊಂಡು ಆಮೇಲೆ ಅದನ್ನು ಏನು ಮಾಡಿದಿರಿ ಅನ್ನುವುದರ ಮೇಲೆ. ಗೆಳತಿಯ ಪೇಪರು ಇಸಿದುಕೊಂಡು ನೋಡಿ. ನಿಮ್ಮ ವಾದವನ್ನು ಅವಳು ಎತ್ತಿ ಉತ್ತರ ಕೊಟ್ಟಿರುವ ಸಾಧ್ಯತೆ ಜಾಸ್ತಿ.

ಸುಸ್ತಾದ_ಮೌಲ್ಯಮಾಪಕ

ಕೆಂಪುಶಾಯಿ ಸರ್ ಹೇಳಿದ್ದು ಒಂದು ಪ್ಯಾರಾವನ್ನು ಕಾಫಿ ಹಿಡಿದು ನಿಧಾನಕ್ಕೆ ಓದಿದಾಗಿನ ಮಾತು. ಕಟ್ಟುಗಟ್ಟಲೆ ಪೇಪರು ಮುಂದಿದ್ದಾಗ ಹೀಗೆ ಯಾರೂ ಓದುವುದಿಲ್ಲ. ನಾನಂತೂ ಓದುವುದಿಲ್ಲ. ಒಂದೇ ಪ್ರಶ್ನೆಗೆ ಒಂದೇ ನೋಟ್ಸಿನಿಂದ ಬಂದ ಉತ್ತರ ಮತ್ತೆ ಮತ್ತೆ ಓದುವಾಗ ಮೊದಲ ಅರ್ಧ ಪುಟದಲ್ಲೇ ಮನಸ್ಸಿನಲ್ಲಿ ಒಂದು ಅಂಕ ಕೂತುಬಿಡುತ್ತದೆ, ಉಳಿದ ಪುಟಗಳು ಅದನ್ನು ಒಂದೋ ಎರಡೋ ಅಂಕ ಆಚೀಚೆ ಮಾಡುತ್ತವೆ ಅಷ್ಟೇ. ಬಹಳ ಚೆನ್ನಾಗಿರುವ ಪೇಪರಿನ ಹಿಂದೆಯೇ ಬಂದ ಸಾಧಾರಣ ಪೇಪರಿಗೆ ಏಟು ಬೀಳುತ್ತದೆ. ಕೈಬರಹ ಓದಲಾಗದಿದ್ದರೂ ಅಷ್ಟೇ. ಅದನ್ನು ನೋಡಿ ಅಂಕ ಕೊಡುವುದಿಲ್ಲ ಅಂತ ಎಲ್ಲರೂ ಹೇಳುತ್ತಾರೆ, ಆದರೆ ಓದಲು ಕಷ್ಟವಾದ ವಾದ ಸಿಕ್ಕಲಾದ ವಾದದ ಹಾಗೇ ಕಾಣುತ್ತದೆ.

ನಿಲುವಿನ ಪ್ರಶ್ನೆಗೆ ಬರುತ್ತೇನೆ. ಯಾರೂ ಬೇಕೆಂದು ಅಂಕ ಕತ್ತರಿಸುವುದಿಲ್ಲ, ಅದು ನಿಜ. ಆಗುವುದು ಬೇರೆ. ನಾನು ಒಪ್ಪುವ ವಾದದಲ್ಲಿ ಒಂದು ಮೆಟ್ಟಿಲು ಬಿಟ್ಟುಹೋಗಿದ್ದರೆ ನನಗೇ ಗೊತ್ತಿಲ್ಲದೆ ಅದನ್ನು ನಾನೇ ತುಂಬಿಕೊಂಡು ಮುಂದೆ ಹೋಗುತ್ತೇನೆ. ಒಪ್ಪದ ವಾದದಲ್ಲಿ ಅದೇ ಮೆಟ್ಟಿಲು ಇಲ್ಲದಿದ್ದರೆ ಎಡವುತ್ತೇನೆ. ಗೆಳತಿ "ಮೂಲ ರಚನೆ ಇಲ್ಲದಿದ್ದರೆ ಬಹುಮತದ ಸರ್ಕಾರ ಏನು ಬೇಕಾದರೂ ಮಾಡಬಹುದಿತ್ತು" ಅಂತ ಒಂದೇ ಸಾಲು ಬರೆದಿದ್ದರೂ ಮೇಡಂ ತಲೆಯಲ್ಲಿ ತುರ್ತು ಪರಿಸ್ಥಿತಿ, 39ನೇ ತಿದ್ದುಪಡಿ, 42ನೇ ತಿದ್ದುಪಡಿ ಎಲ್ಲ ತಾವಾಗಿಯೇ ಬಂದು ನಿಂತಿರುತ್ತವೆ. ನಿಮ್ಮ "ಜನ ಆರಿಸದ ನ್ಯಾಯಮೂರ್ತಿಗಳು" ಅನ್ನುವ ಸಾಲಿಗೆ ಆ ಸೌಭಾಗ್ಯ ಇಲ್ಲ. ಆ 5 ಅಂಕದಲ್ಲಿ ಒಂದೆರಡು ಇದರದ್ದೇ ಅಂತ ನನ್ನ ಅನುಮಾನ.

ಇದನ್ನು ಕಮ್ಮಿ ಮಾಡುವ ದಾರಿಗಳು ಗೊತ್ತಿರುವಂಥವೇ. ಹೆಸರಿನ ಬದಲು ಕೋಡ್ ನಂಬರ್ ಹಾಕಿಸುವುದು, ಎರಡನೇ ಸುತ್ತಿನಲ್ಲಿ ಕಟ್ಟಿನ ಕ್ರಮ ಬದಲಾಯಿಸುವುದು, ಯಾವುದಕ್ಕೆ ಎಷ್ಟು ಅಂಕ ಅನ್ನುವುದನ್ನು ತಿದ್ದುವ ಮೊದಲೇ ಬರೆದಿಡುವುದು. ಕೊನೆಯದನ್ನು ತಿದ್ದಿದ ಮೇಲೆ ಬರೆಯುವವರೂ ಇದ್ದಾರೆ. ಆಗ ಅದು ಅಳತೆಗೋಲಲ್ಲ, ಸಮಜಾಯಿಷಿ.

ಲಾಸ್ಟ್‌ಬೆಂಚ್_ಲಾಯರ್

ನಾನು ಈಗ ಪ್ರಾಕ್ಟೀಸು ಮಾಡುತ್ತಿದ್ದೇನೆ, ಈ ಪತ್ರಿಕೆಯಲ್ಲಿ ನನಗೆ ಒಳ್ಳೆ ಅಂಕ ಬರುತ್ತಿತ್ತು. ಗುಟ್ಟು ಏನಿಲ್ಲ. ಭಿನ್ನಮತದ ತೀರ್ಪುಗಳನ್ನು ಓದುತ್ತಿದ್ದೆ. ಬಹುಮತದ ತೀರ್ಪಿನ ಸಾರಾಂಶ ಎಲ್ಲ ಗೈಡಿನಲ್ಲೂ ಇರುತ್ತದೆ, ಭಿನ್ನಮತದ್ದು ಒಂದು ಸಾಲೂ ಇರುವುದಿಲ್ಲ. 1950ರ ಗೋಪಾಲನ್ ಕೇಸಿನಲ್ಲಿ (ವಿಚಾರಣೆ ಇಲ್ಲದೆ ಬಂಧಿಸಿಡುವುದರ ಬಗ್ಗೆ) ನ್ಯಾ. ಫಜಲ್ ಅಲಿ ಒಬ್ಬರೇ ಹೇಳಿದ್ದು ಏನು, ಅದು 1978ರ ಮೇನಕಾ ಗಾಂಧಿ ತೀರ್ಪಿನ ಹೊತ್ತಿಗೆ ಎಲ್ಲಿಗೆ ಬಂತು ಅಂತ ಎರಡು ಸಾಲು ಬರೆದರೆ ಸಾಕು. ಎಡಿಎಂ ಜಬಲ್ಪುರ್, ತುರ್ತು ಪರಿಸ್ಥಿತಿಯಲ್ಲಿ ಬಂಧಿತರು ಕೋರ್ಟಿಗೆ ಹೋಗಬಹುದೇ ಅನ್ನುವ ಕೇಸು, ಇನ್ನೂ ಚೆನ್ನಾಗಿದೆ. 1976ರಲ್ಲಿ 4-1, ಖನ್ನಾ ಒಬ್ಬರೇ ಆ ಕಡೆ. ಖಾಸಗಿತನದ ಹಕ್ಕಿನ ಬಗೆಗಿನ 2017ರ ಪುಟ್ಟಸ್ವಾಮಿ ತೀರ್ಪಿನಲ್ಲಿ ಆ ಬಹುಮತ ತಪ್ಪು ಅಂತ ಕೋರ್ಟು ನೇರವಾಗಿಯೇ ಹೇಳಿತು. ಹೇಳಿದವರಲ್ಲಿ ಒಬ್ಬರು ಆ ನಾಲ್ವರ ಪೈಕಿ ಒಬ್ಬರ ಮಗ!

ಮೂಲ ರಚನೆಗೂ ಇಂಥದ್ದೊಂದಿದೆ. 1973ರಲ್ಲಿ ಆ 6 ಜನರ ಕಡೆ ಇದ್ದ ವೈ.ವಿ. ಚಂದ್ರಚೂಡ್ ಅವರೇ 1980ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ ಮಿನರ್ವಾ ಮಿಲ್ಸ್‌ನಲ್ಲಿ ಮೂಲ ರಚನೆಯನ್ನು ಎತ್ತಿಹಿಡಿದು ಬಹುಮತದ ತೀರ್ಪು ಬರೆದರು. ನಡುವೆ ಏನಾಯಿತು? 42ನೇ ತಿದ್ದುಪಡಿ ಆಯಿತು, ತಿದ್ದುಪಡಿ ಅಧಿಕಾರಕ್ಕೆ ಮಿತಿಯೇ ಇಲ್ಲ ಅಂತ 368ಕ್ಕೇ ಬರೆದು ಸೇರಿಸಿದರು. ಇದನ್ನು ನಿಮ್ಮ ಪರವಾಗಿಯೂ ಬಳಸಬಹುದು, ವಿರುದ್ಧವಾಗಿಯೂ ಬಳಸಬಹುದು. ಬಳಸದೇ ಇರುವುದು ಮಾತ್ರ ನಷ್ಟ.

ಇನ್ನೊಂದು ವಿಷಯ, ಸಮಸ್ಯೆ ಕೊಟ್ಟು ಬಿಡಿಸಿ ಅನ್ನುವ ಪ್ರಶ್ನೆಗಳದ್ದು, ಅದರಲ್ಲಿ ನಿಲುವಿನ ಗಲಾಟೆಯೇ ಇಲ್ಲ. ಒಂದು ರಾಜ್ಯ "ಸಾರ್ವಜನಿಕ ಹಿತಕ್ಕಾಗಿ" ಆನ್‌ಲೈನ್ ಬರಹಗಳ ಮೇಲೆ ನಿರ್ಬಂಧ ಹಾಕುವ ಕಾಯ್ದೆ ತಂದಿದೆ, ಸಿಂಧುವೇ ಅಂತ ಕೇಳುತ್ತಾರೆ. ಕ್ಲಾಸಿನಲ್ಲಿ ಮುಕ್ಕಾಲು ಜನ ವಾಕ್ ಸ್ವಾತಂತ್ರ್ಯದ 19(1)(ಎ) ಬರೆದು, ಅದರ ಮೇಲೆ ಹಾಕಬಹುದಾದ ನಿರ್ಬಂಧಗಳ 19(2) ಬರೆದು, ಸಾರ್ವಜನಿಕ ಹಿತ ಇರುವುದರಿಂದ ಸಕಾರಣ ನಿರ್ಬಂಧ, ಸಿಂಧು ಅಂತ ಮುಗಿಸುತ್ತಾರೆ. ಬೇರ್ ಆಕ್ಟ್ (ಕಾನೂನಿನ ಮೂಲ ಪಠ್ಯ) ತೆಗೆದು 19(2) ನೋಡಿ. ಸಾರ್ವಜನಿಕ ಸುವ್ಯವಸ್ಥೆ ಇದೆ, ಮಾನನಷ್ಟ ಇದೆ, ನ್ಯಾಯಾಂಗ ನಿಂದನೆ ಇದೆ. ಸಾರ್ವಜನಿಕ ಹಿತ ಇಲ್ಲ! ಅದು ಇರುವುದು 19(5), 19(6)ರಲ್ಲಿ. ವ್ಯಾಪಾರಕ್ಕೆ ಹಾಕಬಹುದಾದ ನಿರ್ಬಂಧವನ್ನು ಮಾತಿನ ಮೇಲೆ ಹಾಕುವಂತಿಲ್ಲ ಅಂತ 1962ರ ಸಕಾಳ್ ಪೇಪರ್ಸ್ ಕೇಸಿನಲ್ಲೇ ಆಗಿದೆ. ಇದನ್ನು ಹಿಡಿದವನಿಗೂ ಹಿಡಿಯದವನಿಗೂ ಒಂದೇ ಅಂಕ ಕೊಡಲು ಎಷ್ಟೇ ಸುಸ್ತಾದ ಮೌಲ್ಯಮಾಪಕರಿಂದಲೂ ಆಗದು. ತಪ್ಪು ತಿಳೀಬೇಡಿ ಸರ್.

ಬೇರ್‌ಆಕ್ಟ್_ಬ್ಯಾಗಲ್ಲಿ

ಎಲ್ಲರಿಗೂ ಧನ್ಯವಾದ. ಆದರೆ ಎರಡು ತಕರಾರು. ಒಂದು, ನಮಗೆ ಕೊಟ್ಟಿದ್ದು 1,500 ಪದ. ಖನ್ನಾ, ಜರ್ಮನಿ, 39ನೇ ತಿದ್ದುಪಡಿ, 2015, ಮಿನರ್ವಾ ಎಲ್ಲ ತುರುಕಿದರೆ ಅದು ಪ್ರಬಂಧ ಆಗುವುದಿಲ್ಲ, ಕೇಸುಗಳ ಪಟ್ಟಿ ಆಗುತ್ತದೆ. ಎರಡು, ಇಷ್ಟೆಲ್ಲ ನಿರೀಕ್ಷೆ ಇದ್ದರೆ ಅದನ್ನು ಮೊದಲೇ ಹೇಳಬೇಕಲ್ಲವೇ? "ವಿಮರ್ಶಿಸಿ" ಅಂದರೆ ಎದುರುವಾದಕ್ಕೆ ಉತ್ತರ ಕೊಡಿ ಅಂತ ನಮಗೆ ಯಾರೂ ಹೇಳಿಲ್ಲ. ಅಂಕ ಕೊಟ್ಟ ಮೇಲೆ ನಿಯಮ ಹೇಳಿದರೆ ಅದನ್ನು ಇದೇ ಪತ್ರಿಕೆಯಲ್ಲಿ ಬೇರೆ ಹೆಸರಿನಲ್ಲಿ ಕರೆಯುತ್ತೇವೆ, ಕೃತ್ಯ ನಡೆದ ಮೇಲೆ ಬಂದ ಕಾನೂನಿನಿಂದ ಶಿಕ್ಷಿಸುವಂತಿಲ್ಲ ಅನ್ನುವ 20ನೇ ವಿಧಿ ನೋಡಿ.

ಗೆಳತಿಯ ಪೇಪರು ನೋಡಿದೆ. ಹೌದು, "ಜನ ಆರಿಸದವರು" ಅನ್ನುವ ವಾದ ಎತ್ತಿದ್ದಾಳೆ. ಉತ್ತರ ಎರಡೂವರೆ ಸಾಲು. ಅದಕ್ಕೆ 5 ಅಂಕವಾ? ಮೇಡಂ ಹತ್ತಿರ ಮರುಮೌಲ್ಯಮಾಪನ ಕೇಳಲೋ ಬೇಡವೋ?

ಕೆಂಪುಶಾಯಿ

20ನೇ ವಿಧಿ ಅಪರಾಧಕ್ಕೆ ಸಂಬಂಧಪಟ್ಟಿದ್ದು, ಇಂಟರ್ನಲ್ಸ್‌ಗಲ್ಲ. ಆದರೆ ದೂರು ನ್ಯಾಯವಾದದ್ದೇ. ಯಾವುದಕ್ಕೆ ಎಷ್ಟು ಅಂಕ ಅಂತ ವಿಷಯ ಕೊಡುವಾಗಲೇ ಒಂದು ಹಾಳೆ ಕೊಡಬೇಕು. ಕೊಡದವರು ಬಹಳ ಜನ, ನೆಪ ಏನೆಂದರೆ ಹಾಗೆ ಕೊಟ್ಟರೆ ಎಲ್ಲರೂ ಅದಕ್ಕೇ ತಕ್ಕಂತೆ ಬರೆಯುತ್ತಾರೆ ಅಂತ. ಬರೆಯಲಿ ಬಿಡಿ! ಎದುರುವಾದ ಎತ್ತಬೇಕು ಅಂತ ಗೊತ್ತಿದ್ದು ಎಲ್ಲರೂ ಎತ್ತಿದರೆ ನನಗೇನು ನಷ್ಟ?

ಜಾಗ ಸಾಲದು ಅನ್ನುವುದನ್ನು ಮಾತ್ರ ಒಪ್ಪುವುದಿಲ್ಲ. ನಿಮ್ಮ ಮೊದಲ ಪುಟದಲ್ಲಿ ಏನಿದೆ ಅಂತ ನೋಡದೆಯೇ ಹೇಳುತ್ತೇನೆ. ಸಂವಿಧಾನ ಜಾರಿಗೆ ಬಂದದ್ದು, 1951ರ ಶಂಕರಿ ಪ್ರಸಾದ್, 1965ರ ಸಜ್ಜನ್ ಸಿಂಗ್, 1967ರ ಗೋಲಕನಾಥ್, ಆಮೇಲೆ ಕೇಶವಾನಂದ ಭಾರತಿಯವರ ಎಡನೀರು ಮಠ, ಕೇರಳದ ಭೂಸುಧಾರಣೆ ಕಾಯ್ದೆ, 68 ದಿನ ವಾದ ನಡೆದದ್ದು. ಎಲ್ಲ ನಿಜ. ಎಡನೀರಿನ ಸ್ವಾಮಿಗಳು ನಮ್ಮ ಕನ್ನಡದವರು ಅನ್ನುವ ಅಭಿಮಾನವೂ ಸರಿ. ಆದರೆ ಪ್ರಶ್ನೆ ಕೇಳಿದ್ದು ಮಿತಿ ಸರಿಯೇ ಅಂತ, ಕತೆ ಹೇಳಿ ಅಂತ ಅಲ್ಲ. ಗೋಲಕನಾಥ್ ಒಂದು ಬೇಕು, ಸಂಸತ್ತು ಮೂಲಭೂತ ಹಕ್ಕುಗಳನ್ನು ತಿದ್ದುವಂತಿಲ್ಲ ಅಂದ ಆ ತೀರ್ಪನ್ನು ಕೇಶವಾನಂದ ತಳ್ಳಿಹಾಕಿತು ಅನ್ನುವುದಕ್ಕೆ. ಮುಂದುವರಿಸಿತು ಅಂತ ಬರೆಯುವವರು ಪ್ರತಿ ವರ್ಷ ಸಿಗುತ್ತಾರೆ. ಉಳಿದದ್ದನ್ನು ಎರಡು ಸಾಲಿಗೆ ಇಳಿಸಿ. ಒಂದು ಪುಟ ಖಾಲಿಯಾಗುತ್ತದೆ. ಆಮೇಲೆ ನಾನು ಹೇಳಿದ ಎಲ್ಲ ಕೇಸೂ ಬೇಡ. ನಿಮಗೆ ನೋವು ಕೊಡುವ ಒಂದು, ನಿಮಗೆ ಬಲ ಕೊಡುವ ಒಂದು. ಅವೆರಡನ್ನೂ ಚೆನ್ನಾಗಿ ಬಿಡಿಸಿ.

ಮರುಮೌಲ್ಯಮಾಪನದ ಬಗ್ಗೆ: "11 ಯಾಕೆ ಬಂತು" ಅಂತ ಕೇಳಲು ಹೋಗಬೇಡಿ. ಕೇಳಿದರೆ ಯಾರೇ ಆಗಲಿ ತಾವು ಕೊಟ್ಟ ಅಂಕವನ್ನು ಸಮರ್ಥಿಸಿಕೊಳ್ಳಲು ಶುರು ಮಾಡುತ್ತಾರೆ. "ನನ್ನ ನಿಲುವಿಗೆ ಎದುರಾಗಿ ಯಾವ ವಾದಕ್ಕೆ ಉತ್ತರ ಬೇಕಿತ್ತು ಮೇಡಂ" ಅಂತ ಕೇಳಿ. ಅವರು ಥಟ್ಟನೆ ಒಂದು ಕೇಸಿನ ಹೆಸರು ಹೇಳಿದರೆ ಅವರು ನಿಮ್ಮ ಪೇಪರು ಓದಿದ್ದಾರೆ. ಸುತ್ತಿ ಬಳಸಿ ಮಾತಾಡಿದರೆ ಆಗ ಅರ್ಜಿ ಹಾಕಿ.

ಫುಟ್‌ನೋಟ್_ಪ್ರೇಮಿ

ಮಧ್ಯೆ ಬಾಯಿ ಹಾಕುತ್ತಿದ್ದೇನೆ. ಎಐ ಕೈಲಿ ಬರೆಸುವವರಿಗೆ ಒಂದು ಮಾತು. ವಾದ ಚೆನ್ನಾಗಿಯೇ ಬರುತ್ತದೆ, ಎರಡೂ ಕಡೆ ಸಮ ಸಮ ತೂಗಿ, ಯಾವ ಕಡೆಗೂ ಬೀಳದೆ. ಸಿಕ್ಕಿಬೀಳುವುದು ಫುಟ್‌ನೋಟಿನಲ್ಲಿ. ಕೇಶವಾನಂದ ಎಐಆರ್ 1973 ಎಸ್‌ಸಿ 1461 (ತೀರ್ಪು ಅಚ್ಚಾದ ವರದಿಯ ವರ್ಷ, ಪುಟ), ಇದು ನಿದ್ದೆಯಲ್ಲೂ ಬಾಯಿಗೆ ಬರುತ್ತದೆ. ಇಂಥ ಹತ್ತರ ನಡುವೆ ಯಾವತ್ತೂ ಕೇಳದ ಒಂದು ಕೇಸು ಕಂಡರೆ ಹುಡುಕಿ ನೋಡುತ್ತೇನೆ. ಇಲ್ಲದ ಕೇಸು ಅಂತ ಗೊತ್ತಾದ ಮೇಲೆ ಉಳಿದ ಪ್ರಬಂಧ ಓದುವ ಮನಸ್ಸೇ ಇರುವುದಿಲ್ಲ.

ಬೇರ್‌ಆಕ್ಟ್_ಬ್ಯಾಗಲ್ಲಿ

ಮೇಡಂ ಹತ್ತಿರ ಹೋಗಿದ್ದೆ. ಕೆಂಪುಶಾಯಿ ಸರ್ ಹೇಳಿದ ಹಾಗೇ ಕೇಳಿದೆ. "ರಾಜ್ ನಾರಾಯಣ್ ಎಲ್ಲಮ್ಮ?" ಅಂದರು, ಒಂದು ಕ್ಷಣ ಯೋಚಿಸಲಿಲ್ಲ. ಆದರೆ ಗೆಳತಿಯ ಎರಡೂವರೆ ಸಾಲಿನ ಬಗ್ಗೆ ಕೇಳಿದ್ದಕ್ಕೆ ಸ್ವಲ್ಪ ಹೊತ್ತು ಸುಮ್ಮನಿದ್ದು, ಅದನ್ನು ಇನ್ನೊಮ್ಮೆ ನೋಡುತ್ತೇನೆ ಅಂದರು. ಅವಳಿಗೆ ನನ್ನ ಮೇಲೆ ಸಿಟ್ಟು ಬಂದಿದೆ. ಅಂಕ ಬದಲಾಗುವುದಿಲ್ಲ, ಮುಂದಿನ ಪ್ರಬಂಧದಲ್ಲಿ ಬೇಕಾದರೆ ಇದೇ ವಿಷಯ ಮತ್ತೆ ಎತ್ತಿಕೋ ಅಂದರು. ಪ್ಯಾರಾ ಹೀಗೆ ಬರೆದಿದ್ದೇನೆ, ಹೊಡೆಯಿರಿ:

"ಮೂಲ ರಚನೆಗೆ 368ನೇ ವಿಧಿಯಲ್ಲಿ ನೇರ ಆಧಾರವಿಲ್ಲ. ಜರ್ಮನಿಯಂತೆ ತಿದ್ದಬಾರದ್ದು ಯಾವುದು ಎಂದು ನಮ್ಮ ಸಂವಿಧಾನ ಹೇಳಿಲ್ಲ. ತಿದ್ದುವ ಅಧಿಕಾರದಲ್ಲಿ ಅಳಿಸುವ ಅಧಿಕಾರ ಸೇರದು ಎಂಬ ನ್ಯಾ. ಖನ್ನಾ ಅವರ ಮಾತನ್ನು ಒಪ್ಪಿದರೂ, ಯಾವುದು ತಿದ್ದುವುದು, ಯಾವುದು ಅಳಿಸುವುದು ಎಂದು ತೀರ್ಮಾನಿಸಬೇಕಾದವರು ಯಾರು ಎಂಬ ಪ್ರಶ್ನೆ ಉಳಿಯುತ್ತದೆ. 1975ರಲ್ಲಿ ಅದನ್ನು ನ್ಯಾಯಾಲಯ ತೀರ್ಮಾನಿಸಿದ್ದನ್ನು ಒಪ್ಪಬಹುದು. ಅಧಿಕಾರದಲ್ಲಿದ್ದವರು ತಮ್ಮ ಚುನಾವಣೆಯ ವ್ಯಾಜ್ಯಕ್ಕೆ ತಾವೇ ತೀರ್ಪು ಬರೆದುಕೊಂಡಿದ್ದರು. ಆದರೆ 2015ರಲ್ಲಿ ನ್ಯಾಯಾಲಯ ತನ್ನದೇ ನೇಮಕಾತಿಯ ವಿಷಯದಲ್ಲಿ ತಾನೇ ತೀರ್ಪು ಕೊಟ್ಟಿತು. 1975ರಲ್ಲಿ ಅಧಿಕಾರದಲ್ಲಿದ್ದವರು ಮಾಡಿದ್ದನ್ನು ತಪ್ಪು ಎನ್ನುವ ಕಾರಣ ಇದಕ್ಕೂ ಅನ್ವಯಿಸುತ್ತದೆ."

ಸುಸ್ತಾದ_ಮೌಲ್ಯಮಾಪಕ

ಇದು ಕಟ್ಟಿನ ಮಧ್ಯೆ ಬಂದರೂ ನಿಲ್ಲಿಸಿ ಓದಿಸುತ್ತದೆ. ಕಟ್ಟಿನ ಕೊನೆಯಲ್ಲಿ ಬಂದರೂ.

ಒಂದೇ ಕೊರತೆ. 2015ರಲ್ಲಿ "ನ್ಯಾಯಾಲಯ" ಅಂದಿದ್ದೀರಿ. ನ್ಯಾಯಾಲಯ ಅಲ್ಲ, ನಾಲ್ವರು. ಐದನೆಯವರಾದ ನ್ಯಾ. ಚೆಲಮೇಶ್ವರ್ ನಿಮ್ಮ ಕಡೆ ಇದ್ದಾರೆ, ಹೆಸರು ಹಾಕಿ. ಮತ್ತೆ ತಮ್ಮ ವಿಷಯದಲ್ಲಿ ತಾವೇ ತೀರ್ಪು ಅನ್ನುವ ಮಾತಿಗೆ ಆ ನಾಲ್ವರ ಕಡೆಯಿಂದ ಉತ್ತರ ಇದೆ. ವಿಚಾರಣೆಯ ಶುರುವಿನಲ್ಲೇ, ಅವರಲ್ಲೊಬ್ಬರಾದ ನ್ಯಾ. ಖೇಹರ್ ಪೀಠದಿಂದ ಹಿಂದೆ ಸರಿಯಬೇಕು ಅಂತ ಕೋರಿಕೆ ಬಂದಿತ್ತು, ಅದನ್ನು ತಿರಸ್ಕರಿಸಿ ಕಾರಣ ಕೊಟ್ಟಿದ್ದಾರೆ. ಓದಿ, ಕೊನೆಯ ಸಾಲಿಗೆ ಮುಂಚೆ ಅದಕ್ಕೆ ಒಂದು ವಾಕ್ಯ ಜಾಗ ಮಾಡಿ. ಜಾಗ ಸಾಲದಿದ್ದರೆ ಜರ್ಮನಿ ಬಿಡಿ.